ಬುಧವಾರದ ಸೂಜಿ

ಹನ್ನೆರಡನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಒಂದು ದಿನ, ನಾನು ಮಾಸ್ ಕಮ್ಯುನಿಕೇಶನ್ ಓದುತ್ತೇನೆ ಎಂದು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿಬಿಟ್ಟೆ. ಅಪ್ಪ ತಟ್ಟೆಯಿಂದ ತಲೆಯೆತ್ತಿ ನೋಡಿದರು.

"ಅದರಲ್ಲಿ ಎಂತ ಕಲಿಸ್ತಾರೆ ಮಗಾ?"

"ಸಂವಹನ."

"ಅಂದ್ರೆ? ಮಾತಾಡ್ಲಿಕ್ಕಾ?"

"ಹಾಗೇ ಅಂತ ಇಟ್ಕೊಳ್ಳಿ."

"ಅದಕ್ಕೆ ಮೂರು ವರ್ಷ ಕಾಲೇಜು ಯಾಕೆ? ನೀನು ಬಾಯಿ ಬಂದಾಗಿನಿಂದ ನಿಲ್ಲಿಸಿದ್ದೇ ಇಲ್ಲವಲ್ಲ!"

ಅಮ್ಮ ನಕ್ಕು ಸಾರಿನ ಸೌಟನ್ನೇ ಕೆಳಗೆ ಬೀಳಿಸಿದಳು. ಅಪ್ಪ ಅಂಧೇರಿಯ ಹೋಟೆಲೊಂದರ ಕೌಂಟರಿನಲ್ಲಿ ಕೂರುವವರು. ನಾನು ಕಾಮರ್ಸ್ ಮಾಡಿ ಯಾವುದಾದರೂ ಆಫೀಸಿನಲ್ಲಿ ಕೂತುಬಿಟ್ಟರೆ ಸಾಕು ಎಂಬುದು ಅವರ ಆಸೆಯಾಗಿತ್ತು. ಆದರೆ ಅವರು ಬೇಡ ಎನ್ನಲಿಲ್ಲ. "ನೋಡು, ಮಾತಿನಲ್ಲಿ ಎಷ್ಟು ದೂರ ಹೋಗ್ತೀ ಅಂತ ನಾವೂ ನೋಡ್ತೇವೆ," ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು. ನಮ್ಮ ಮನೆಮಾತು ತುಳು. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ಕನ್ನಡ ಬಂದದ್ದು ಶಾಲೆಯಿಂದ. ಏಳನೆಯವರೆಗೆ ಜೋಗೇಶ್ವರಿಯ ನಮ್ಮ ಮನೆಗೆ ಹತ್ತಿರದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದವಳು ನಾನು. ಹಾಗಾಗಿ ನನ್ನ ಕನ್ನಡವೆಂದರೆ ಪಾಠಪುಸ್ತಕದ ಕನ್ನಡ, ನಿಬಂಧದ ಕನ್ನಡ. ಅದರ ಬಗ್ಗೆ ನನಗೆ ಜಂಬವೂ ಇತ್ತು. ಆ ಜಂಬ ಇಳಿದ ಕತೆಯನ್ನೇ ಈಗ ಹೇಳಹೊರಟಿದ್ದೇನೆ.

ಕಾಲೇಜು ಬಾಂದ್ರಾದಲ್ಲಿತ್ತು. ಮೊದಲ ದಿನ ತರಗತಿಗೆ ಬಂದ ಪ್ರೊಫೆಸರ್ ಹಿಂದೆ ರೇಡಿಯೋದಲ್ಲಿ ಕೆಲಸ ಮಾಡಿದ್ದ ಹೆಂಗಸು. ಗಿಡ್ಡವಾಗಿ ಕತ್ತರಿಸಿದ ಬಿಳಿ ಕೂದಲು, ಗಟ್ಟಿ ಗಂಟಲು. ಎಲ್ಲರೂ ಅವರನ್ನು ಮ್ಯಾಮ್ ಎನ್ನುತ್ತಿದ್ದೆವು. ಅವರು ಹಾಜರಿಯನ್ನೂ ತೆಗೆದುಕೊಳ್ಳದೆ ನೇರವಾಗಿ ನನ್ನತ್ತ ಬೆರಳು ಮಾಡಿ ಮುಂದೆ ಕರೆದರು. ಕೈಗೊಂದು ಕಾಗದ ಕೊಟ್ಟರು. ಅದರಲ್ಲಿ ಒಂದು ವೃತ್ತ, ಅದಕ್ಕೆ ತಾಗಿದ ತ್ರಿಕೋನ, ಕೆಳಗೆ ಎರಡು ಅಡ್ಡಗೆರೆ, ಅಷ್ಟೇ ಇತ್ತು. "ತರಗತಿಗೆ ಬೆನ್ನು ಮಾಡಿ ನಿಲ್ಲು. ಇದನ್ನು ಬಾಯಲ್ಲಿ ವಿವರಿಸು. ಕೈ ಆಡಿಸುವ ಹಾಗಿಲ್ಲ. ಅವರು ಪ್ರಶ್ನೆ ಕೇಳುವ ಹಾಗಿಲ್ಲ. ನೀನು ಹೇಳಿದ್ದನ್ನು ಅವರು ಬಿಡಿಸಲಿ," ಎಂದರು.

ಇದೇನು ಮಹಾ ಎಂದುಕೊಂಡೆ. ನಿಧಾನವಾಗಿ, ಸ್ಪಷ್ಟವಾಗಿ, ನನಗೆ ಗೊತ್ತಿದ್ದ ಎಲ್ಲ ಇಂಗ್ಲಿಷನ್ನೂ ಹಾಕಿ ವಿವರಿಸಿದೆ. ಆಮೇಲೆ ಮ್ಯಾಮ್ ನಲವತ್ತು ಕಾಗದಗಳನ್ನೂ ಗೋಡೆಗೆ ಅಂಟಿಸಿದರು. ಒಂದರ ಹಾಗೆ ಒಂದಿರಲಿಲ್ಲ. ಒಬ್ಬನ ಕಾಗದದಲ್ಲಿ ಐಸ್‌ಕ್ರೀಮ್ ಕೋನ್ ಇತ್ತು. ಇನ್ನೊಬ್ಬಳದರಲ್ಲಿ, ದೇವರಾಣೆಗೂ, ಮೀಸೆಯಿರುವ ಬೆಕ್ಕು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಚಿಕೆಯಿಂದಲ್ಲ. ನನ್ನ ಬಾಯಿಂದ ಹೊರಟ ಒಂದೇ ಮಾತು ನಲವತ್ತು ತಲೆಗಳಲ್ಲಿ ನಲವತ್ತು ಬಗೆಯಾಗಿ ಹೋಗಿ ಕೂತಿತ್ತು! ಇಷ್ಟು ವರ್ಷ ಮಾತಾಡುತ್ತಾ ಬಂದಿದ್ದೇನೆ, ಇದು ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಮೈಯೆಲ್ಲ ಜುಮ್ಮೆಂದಿತು. ಆ ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು, ಇಳಿಯುವವರು ಹತ್ತುವವರಿಗೆ ಕಣ್ಣಲ್ಲೇ ಜಾಗ ಹೇಳುವುದನ್ನು, ಹೂ ಮಾರುವವಳು ಬಾಯಿ ತೆರೆಯದೆ ದಂಡೆ ಎತ್ತಿ ತೋರಿಸುವುದನ್ನು ಮೊದಲ ಸಲ ನೋಡುವವಳಂತೆ ನೋಡಿದೆ.

ಆ ವರ್ಷವೆಲ್ಲ ನನಗೆ ಈ ಹುಚ್ಚು. ಭಾನುವಾರ ಅಪ್ಪನ ಹೋಟೆಲಿಗೆ ಹೋಗಿ ಮೂಲೆಯ ಟೇಬಲ್ಲಿನಲ್ಲಿ ಕೂತು, ಸಪ್ಲೈಯರ್ ಕೂಗಿದ್ದು ಅಡುಗೆಮನೆಗೆ ಹೇಗೆ ಮುಟ್ಟುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಇವನು ಕೂಗಿದ್ದನ್ನು ಒಳಗಿನ ದೋಸೆ ಭಟ್ಟರು ಪ್ರತಿಸಲವೂ ತಿರುಗಿ ಕೂಗುತ್ತಿದ್ದರು. ಹಾಗೆ ತಿರುಗಿ ಕೂಗಿದ ಮೇಲೆಯೇ ಇವನು ಮುಂದಿನ ಟೇಬಲ್ಲಿಗೆ ಹೋಗುತ್ತಿದ್ದ. ನಾನು ಉತ್ಸಾಹದಿಂದ ಅಪ್ಪನಿಗೆ, "ನಮ್ಮ ಪುಸ್ತಕದಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಅಂತಾರೆ," ಎಂದರೆ ಅವರು, "ನಮ್ಮಲ್ಲಿ ಇದಕ್ಕೆ ಕಿವಿ ಸರಿ ಇರೋದು ಅಂತಾರೆ. ನೀನು ಆ ಟೇಬಲ್ ಬಿಡು, ಗಿರಾಕಿ ಬಂದ್ರು," ಎಂದರು.

ಎರಡನೆಯ ವರ್ಷದಲ್ಲಿ ಮ್ಯಾಮ್ ನಮಗೊಂದು ಕೆಲಸ ಕೊಟ್ಟರು. ಊರಿನಲ್ಲಿ ಎಲ್ಲಾದರೂ ತಲುಪದೇ ಹೋದ ಒಂದು ಸಂದೇಶವನ್ನು ಹುಡುಕಬೇಕು. ಅದು ಯಾಕೆ ತಲುಪಲಿಲ್ಲ ಎಂದು ಕಂಡುಹಿಡಿಯಬೇಕು. ಸಾಧ್ಯವಾದರೆ ತಲುಪಿಸಬೇಕು. ಗಡುವು ಎರಡು ತಿಂಗಳು. ಗೆಳತಿಯರಲ್ಲಿ ಕೆಲವರು ತಮ್ಮ ಸೊಸೈಟಿಯ ಹಸಿಕಸ ಒಣಕಸದ ನೋಟಿಸನ್ನು ಹಿಡಿದರು, ಕೆಲವರು ಸ್ಟೇಶನ್ನಿನ ಅನೌನ್ಸ್‌ಮೆಂಟನ್ನು. ನನಗೆ ನನ್ನ ವಿಷಯ ನಮ್ಮ ಬಿಲ್ಡಿಂಗಿನ ಪ್ಯಾಸೇಜಿನಲ್ಲೇ ಸಿಕ್ಕಿತು.

ನಮ್ಮ ಎದುರು ಮನೆಯ ಮರಾಠಿ ಆಂಟಿ ಪವಾಯಿಯಲ್ಲಿ ದೊಡ್ಡದೊಂದು ಕಟ್ಟಡ ಕೆಲಸದ ಜಾಗದಲ್ಲಿ, ಕೂಲಿಯವರ ಮಕ್ಕಳಿಗಾಗಿ ನಡೆಸುವ ಬಾಲವಾಡಿಯ ಟೀಚರ್. ಒಂದು ಸಂಜೆ ಬೀಗ ತೆಗೆಯುತ್ತಾ ತಮ್ಮ ಹಿಂದಿ ಮರಾಠಿ ಬೆರೆತ ಮಾತಿನಲ್ಲಿ ಗೊಣಗಿಕೊಂಡರು. ಒಂದು ಟ್ರಸ್ಟಿನ ವ್ಯಾನು ಪ್ರತಿ ತಿಂಗಳು ಎರಡನೆಯ ಬುಧವಾರ ಮಧ್ಯಾಹ್ನ ಡಾಕ್ಟರನ್ನು ಕರೆದುಕೊಂಡು ಬರುತ್ತದಂತೆ, ಎಳೆ ಮಕ್ಕಳಿಗೆ ಇಂಜೆಕ್ಷನ್ ಹಾಕಲು. ಗೋಡೆಗೆ ಮರಾಠಿಯಲ್ಲೂ ಹಿಂದಿಯಲ್ಲೂ ಕಾಗದ ಅಂಟಿಸಿದ್ದಾರಂತೆ. ಆದರೆ ಬರುವವರು ಇಬ್ಬರೋ ಮೂವರೋ.

"ಆ ಹೆಂಗಸರೆಲ್ಲ ನಿಮ್ಮ ಕರ್ನಾಟಕದವರೇ ಬೇಟಾ," ಎಂದರು ಆಂಟಿ. "ಕಲಬುರಗಿ, ಯಾದಗಿರಿ ಕಡೆಯವರು. ನಾನು ಹೇಳೋದು ಅವರಿಗೆ ಅರ್ಥ ಆಗಲ್ಲ ಅಂತ ಕಾಣುತ್ತೆ."

ನಾನು ಅಲ್ಲೇ ಕುಣಿದುಬಿಟ್ಟೆ. ತಲುಪದ ಸಂದೇಶ, ಕಾರಣ ಭಾಷೆ, ಮತ್ತು ಆ ಭಾಷೆ ಬಲ್ಲ ನಾನು! ಇಡೀ ತರಗತಿಯಲ್ಲಿ ಕನ್ನಡ ಓದಿ ಬರೆಯಬಲ್ಲವಳು ನಾನೊಬ್ಬಳೇ. ಇದು ನನಗಾಗಿಯೇ ಕಾದು ಕೂತಿದೆ ಎನಿಸಿತು.

ಎರಡು ದಿನ ಕೂತು ಪೋಸ್ಟರ್ ಮಾಡಿದೆ. ಹಳದಿ ಹಿನ್ನೆಲೆ, ನಗುವ ಮಗು, ಮೂಲೆಯಲ್ಲಿ ವ್ಯಾನು. ದುಂಡಗಿನ ಅಕ್ಷರದಲ್ಲಿ, 'ಎರಡನೆಯ ಬುಧವಾರ ತಪ್ಪದೆ ಬನ್ನಿ. ಲಸಿಕೆ ಹಾಕಿಸಿ, ನಿಮ್ಮ ಕಂದನ ಭವಿಷ್ಯವನ್ನು ಭದ್ರಪಡಿಸಿ' ಎಂದು ಬರೆದೆ. ಆ ನಾಲ್ಕು ಬಕಾರ ಭಕಾರಗಳು ಸಾಲಾಗಿ ಬಂದದ್ದಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಅಮ್ಮನಿಗೆ ಓದಿ ತೋರಿಸಿದೆ. "ಲಾಯ್ಕುಂಟು," ಎಂದಳು. ಚೆನ್ನಾಗಿದೆ ಎಂದು ಅದರ ಅರ್ಥ. ಹತ್ತು ಪ್ರತಿ ತೆಗೆಸಿ ಜೋಗೇಶ್ವರಿಯಿಂದ ಬಸ್ಸು ಹಿಡಿದು ಪವಾಯಿಗೆ ಹೋದೆ. ಏಳುತ್ತಿದ್ದ ಮೂರು ಟವರುಗಳ ಹಿಂದೆ ತಗಡಿನ ಕೋಣೆಗಳ ಸಾಲು. ಆಂಟಿಯೂ ನಾನೂ ಸೇರಿ ನೀರಿನ ಟಾಕಿಯ ಹತ್ತಿರ, ಬಾಲವಾಡಿಯ ಬಾಗಿಲಿಗೆ, ಸಾಲುಮನೆಗಳ ತಗಡಿಗೆ ಎಲ್ಲ ಅಂಟಿಸಿದೆವು.

ಬುಧವಾರ ಕಾಲೇಜಿಗೆ ಚಕ್ಕರ್ ಹೊಡೆದು ಅಲ್ಲಿಗೆ ಓಡಿದೆ. ವ್ಯಾನು ಬಂತು. ಡಾಕ್ಟರ್ ಇಳಿದರು, ಚಿಕ್ಕ ವಯಸ್ಸಿನ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಹೆಂಗಸು. ಐಸ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕೂತರು. ನಾನು ಕ್ಯಾಮೆರಾ ಹಿಡಿದು ಸಾಲಿಗಾಗಿ ಕಾದೆ. ಒಬ್ಬ ತಾಯಿ ಬಂದಳು. ಅರ್ಧ ಗಂಟೆಯ ಮೇಲೆ ಇನ್ನೊಬ್ಬಳು. ಎರಡೂವರೆ ಗಂಟೆಗೆ ಡಾಕ್ಟರ್ ಪೆಟ್ಟಿಗೆ ಮುಚ್ಚಿದರು. "ಇವರಿಗೆ ಸೂಜಿ ಅಂದ್ರೆ ಹೆದರಿಕೆ," ಎಂದು ಹಿಂದಿಯಲ್ಲಿ ಹೇಳಿ ವ್ಯಾನು ಹತ್ತಿದರು. ಇಬ್ಬರಲ್ಲಿ ಒಬ್ಬಳು ಒಡಿಶಾದವಳು. ನನ್ನ ಪೋಸ್ಟರನ್ನು ಅವಳು ಓದಿರುವ ಸಾಧ್ಯತೆಯೇ ಇರಲಿಲ್ಲ.

ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತು ಬಂದೆ. ಆದರೆ ಮನೆ ಮುಟ್ಟುವ ಹೊತ್ತಿಗೆ ಬೇಸರ ಹೋಗಿ ಕುತೂಹಲ ಹತ್ತಿಕೊಂಡಿತ್ತು. ಯಾಕೆ ಬರಲಿಲ್ಲ? ಹೋಗಿ ಕೇಳಿದರಾಯಿತಲ್ಲ! ಇದುವರೆಗೆ ಆ ಹೆಂಗಸರಲ್ಲಿ ಒಬ್ಬರನ್ನೂ ನಾನು ಮಾತನಾಡಿಸಿರಲಿಲ್ಲ ಎಂಬುದು ಆಗ ಹೊಳೆಯಿತು. ಸಂವಹನ ಓದುವ ಹುಡುಗಿ ನಾನು.

ಭಾನುವಾರ ಕೆಲಸಕ್ಕೆ ರಜೆ. ಹೋದಾಗ ಸಾಲಿನ ಮೊದಲ ಕೋಣೆಯ ಮುಂದೆ ಒಬ್ಬ ಹೆಂಗಸು ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಲವತ್ತೈದರ ಸುಮಾರು, ಗಟ್ಟಿ ತೋಳು, ಮೊಣಕೈವರೆಗೆ ಹಸಿರು ಬಳೆ. ಪಕ್ಕದಲ್ಲಿ ಸೊಸೆ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವರ ಹಿಂದಿನ ತಗಡಿನ ಮೇಲೆಯೇ ನನ್ನ ಪೋಸ್ಟರ್ ಇತ್ತು. ನಾನು ಅದನ್ನು ನೋಡುತ್ತಿದ್ದದ್ದು ಕಂಡು ಅವಳು ಕೇಳಿದಳು:

"ತಂಗಿ, ಇದನ್ನ ಬರದಾಕಿ ನೀನಾ?"

"ಹೌದಕ್ಕ."

"ಅಕ್ಷರ ಭಾಳ ದುಂಡಗ ಅದಾವ ನೋಡು. ನಾ ಸಾಲಿ ನಾಕನೇತ್ತಾ ತನ ಕಲ್ತೀನಿ, ಓದ್ತೀನಿ." ನನಗೆ ಖುಷಿಯಿಂದ ಮೈಯುಬ್ಬಿತು. "ಆದ್ರ ಒಂದ್ ಮಾತ ಕೇಳ್ಲಾ? ಭವಿಷ್ಯ ಅಂದ್ರ, ಮುಂಜಾನಿ ಟಿವ್ಯಾಗ ಕುಂತು ಹೇಳ್ತಾರಲ್ಲ, ನಿನ್ನ ರಾಶಿ ಹಿಂಗದ, ಹಂಗದ ಅಂತ, ಅದ ಹೌದಿಲ್ಲ?"

ನಾನು ತಿರುಗಿ ಪೋಸ್ಟರನ್ನು ಇನ್ನೊಮ್ಮೆ ಓದಿದೆ.

"ಬುಧವಾರ ಭವಿಷ್ಯ ಹೇಳಾವ ಬರ್ತಾನ ಅಂತ ತಿಳ್ಕೊಂಡ್ವಿ ನಾವು. ಆ ಮೂಲಿ ಮನಿ ಮುದುಕ ಕೈ ತೊಳ್ಕೊಂಡು ಕುಂತಿದ್ದ, ತೋರ್ಸಾಕ!"

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಒಲೆಯ ಹೊಗೆಗೋ ನಗೆಗೋ ನನ್ನ ಕಣ್ಣಲ್ಲಿ ನೀರು ಬಂತು. "ಮತ್ತೆ ಲಸಿಕೆ ಅಂತ ಬರೆದಿದ್ದೆನಲ್ಲಕ್ಕ?"

"ಅದ್ಯಾವ ಊರ ಮಾತೋ ಏನೋ. ಸೂಜಿ ಅನ್ನಬೇಕು. ಕೂಸಿಗೆ ಸೂಜಿ ಮಾಡಸ್ರಿ ಅಂದ್ರ ತಿಳೀತದ. ನೀ ರೇಡಿಯೋದಾಗ ಮಾತಾಡ್ದಂಗ ಬರದೀ."

ನಾನು ಅವಸರವಸರವಾಗಿ ನೋಟ್‌ಬುಕ್ ತೆಗೆದೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಮ್ಯಾಮ್ ಮುಂದೆ ಇದನ್ನು ಹೇಗೆ ಹೇಳಬೇಕೆಂದು ತಲೆಯಲ್ಲಿ ಆಗಲೇ ತಯಾರಿ ನಡೆದಿತ್ತು. ಬರೆಯುತ್ತಲೇ ಕೇಳಿದೆ: "ಹಾಗಾದರೆ ಸೂಜಿ ಅಂತಲೇ ಬೇರೆ ಬರೆದು ಅಂಟಿಸ್ತೇನೆ ಅಕ್ಕ. ಮುಂದಿನ ಸಲ ಎಲ್ಲರೂ ಬರ್ತಾರಲ್ಲ?"

ಅವಳು ರೊಟ್ಟಿಯನ್ನು ಅಂಗೈ ಮೇಲೆ ಹಾಕಿಕೊಂಡು ಹಂಚಿಗೆ ಹಾಕಿದಳು. "ಇಲ್ಲ."

"ಯಾಕೆ?"

"ವ್ಯಾನಿನಾಗ ಸೂಜಿ ಮಾಡ್ತಾರ ಅಂತ ನಮಗ ಮೊದ್ಲಿಂದ ಗೊತ್ತದ ತಂಗಿ. ಬಾಲವಾಡಿ ಟೀಚರ್ ದಿನಾ ಹೇಳ್ತಾಳ. ಹಿಂದ್ಯಾಗ ಹೇಳ್ತಾಳ, ತೋಳಿಗಿ ಚುಚ್ಚಿ ತೋರಿಸ್ತಾಳ. ತಿಳಿಯಂಗಿಲ್ಲ ಅಂತ ಯಾರ್ ಅಂದ್ರು ನಿಮಗ?"

ನನ್ನ ಪೆನ್ನು ನಿಂತಿತು. "ಗೊತ್ತಿದ್ದರೆ ಮತ್ತೆ ಯಾಕೆ ಬರೋದಿಲ್ಲ? ಹೆದರಿಕೆಯಾ?"

"ಏನ್ ಹೆದರಿಕಿ ಬಂತು? ಹನ್ನೆರಡನೇ ಮಾಳಿಗಿ ಮ್ಯಾಲ ಬುಟ್ಟಿ ಹೊತ್ಕೊಂಡು ನಿಂದರ್ತೀವಿ, ಸೂಜಿಗಿ ಹೆದರ್ತೀವಾ?" ಅವಳು ನನ್ನ ಕಡೆಗೆ ಪೂರ್ತಿ ತಿರುಗಿ ಕೂತಳು. "ನೋಡು. ಬುಧವಾರ ಸೂಜಿ ಮಾಡಿಸಿದ್ರ ಕೂಸಿಗೆ ರಾತ್ರಿ ಜರ ಬರ್ತದ. ತೊಡಿ ಬಾವು ಬರ್ತದ. ಮರದಿನ ಅದು ಅವ್ವನ ಬಿಟ್ಟು ಅಳ್ಳಾಡಂಗಿಲ್ಲ. ಬಾಲವಾಡ್ಯಾಗ ಜರ ಬಂದ ಕೂಸಿಗಿ ಕರ್ಕೊಳಂಗಿಲ್ಲ. ಹಂಗಾರ ಬೇಸ್ತವಾರ ಅದರವ್ವ ಕೆಲಸಕ್ಕ ಹೆಂಗ ಹೋಗ್ಬೇಕು? ಅದ ಶನಿವಾರ ಸಂಜಿಗಿ ಮಾಡ್ರಿ, ಐತವಾರ ಮನ್ಯಾಗ ಇರ್ತೀವಿ, ಕೂಸಿನ ಮಡ್ಲಾಗ ಹಾಕ್ಕೊಂಡು ಕುಂದರ್ತೀವಿ. ಯಾರ್ ಬ್ಯಾಡಂತಾರ?"

"ಇದನ್ನು ನೀವು ಡಾಕ್ಟರಿಗೆ ಹೇಳಿದ್ದೀರಾ?"

"ಯಾರ್ ಕೇಳ್ಯಾರ ತಂಗಿ?"

ಅದನ್ನು ಅವಳು ಕೋಪದಿಂದಲೂ ಹೇಳಲಿಲ್ಲ, ದುಃಖದಿಂದಲೂ ಹೇಳಲಿಲ್ಲ. ಹಿಟ್ಟು ಉದುರಿಸುತ್ತಾ ಹೇಳಿದಳು. ನಾನು ನೋಟ್‌ಬುಕ್ ಮುಚ್ಚಿದೆ. ಸಂದೇಶ ಇವರಿಗೆ ಮುಟ್ಟಿಯಾಗಿತ್ತು. ಮುಟ್ಟದೇ ಉಳಿದದ್ದು ಇವರದ್ದು. ಮರಾಠಿ ಕಾಗದ, ಹಿಂದಿ ಕಾಗದ, ನನ್ನ ಹಳದಿ ಕಾಗದ, ಎಲ್ಲವೂ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದವು. ಈ ಕಡೆಯಿಂದ ಆ ಕಡೆಗೆ ದಾರಿಯೇ ಇರಲಿಲ್ಲ.

"ಅಕ್ಕ, ಈಗ ಹೇಳಿದ್ದನ್ನೇ ಇನ್ನೊಮ್ಮೆ ಹೇಳ್ತೀರಾ? ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಡಾಕ್ಟರಿಗೆ ಕೇಳಿಸ್ತೇನೆ."

ಅವಳು ಕೈ ತೊಳೆದಳು. ಸೆರಗು ತಲೆಯ ಮೇಲೆ ಹೊದ್ದಳು. ಫೋಟೋ ಅಲ್ಲ, ಬರೀ ದನಿ ಎಂದರೂ ಹಣೆಯ ಬೆವರು ಒರೆಸಿಕೊಂಡಳು. ನಾನು ಗುಂಡಿ ಒತ್ತಿದ ತಕ್ಷಣ ಗಂಟಲು ಸರಿಮಾಡಿಕೊಂಡು, "ಎಲ್ಲರಿಗೂ ನಮಸ್ಕಾರಗಳು. ಪೂಜ್ಯ ಡಾಕ್ಟರ್ ಅಮ್ಮನವರಲ್ಲಿ ಸವಿನಯ ವಿನಂತಿ ಏನೆಂದರೆ..." ಎಂದು ಶುರುಮಾಡಿದಳು. ಥೇಟ್ ನನ್ನ ಪೋಸ್ಟರಿನ ಕನ್ನಡ! ನನಗೆ ನಗು ತಡೆಯಲಾಗಲಿಲ್ಲ. "ಹಾಗಲ್ಲ ಅಕ್ಕ, ನನಗೆ ಹೇಳಿದಿರಲ್ಲ, ಹಾಗೇ ಹೇಳಿ. ರೊಟ್ಟಿ ಬಡೀತಾ ಹೇಳಿ," ಎಂದೆ. ಆಗ ಬಂತು ನೋಡಿ ಮಾತು. ಅಂಗೈಯ ತಟಪಟ ಸದ್ದಿನ ಜೊತೆಗೇ ಬಂತು. ನಡುವೆ ಸೊಸೆ, "ಬಾವು ಮೂರ್ ದಿನ ಇರ್ತದ, ಅದನ್ನೂ ಹೇಳು ಅತ್ತಿ," ಎಂದು ಬಾಯಿ ಹಾಕಿದಳು. "ನೀ ಸುಮ್ಕಿರು, ನಾ ಹೇಳ್ಲಾಕತ್ತೀನಿಲ್ಲೋ," ಎಂದು ಇವಳು ಗದರಿದಳು. ಆಮೇಲೆ ಬಾವಿನ ಸಂಗತಿಯನ್ನೂ ಸೇರಿಸಿದಳು. ಪಕ್ಕದ ಕೋಣೆಯ ಇಬ್ಬರು ಹೆಂಗಸರು ಬಂದು ತಮ್ಮದೂ ಎರಡು ಮಾತು ಹಾಕಿದರು. ಕೊನೆಗೆ ಮಗು ಕಿರುಚಿತು. ಒಟ್ಟು ಎರಡೂವರೆ ನಿಮಿಷ.

ಆ ಎರಡೂವರೆ ನಿಮಿಷವನ್ನು ನಾನು ಬಸ್ಸಿನಲ್ಲಿ ಎಷ್ಟು ಸಲ ಕೇಳಿದೆನೋ. ಮನೆಗೆ ಬಂದು, ಅವರ ದನಿ ಕೆಳಗೆ ಕೇಳುತ್ತಿರುವಂತೆಯೇ ಹಿಂದಿಯಲ್ಲಿ ಅದರ ಅರ್ಥವನ್ನು ಓದಿ ಜೋಡಿಸಿದೆ. ಆದರೆ ಡಾಕ್ಟರಿಗಾಗಿ ಮುಂದಿನ ತಿಂಗಳ ಬುಧವಾರದವರೆಗೆ ಕಾಯಬೇಕಿತ್ತು. ನನ್ನ ಜನ್ಮದಲ್ಲಿ ಅಷ್ಟು ಉದ್ದದ ತಿಂಗಳು ಬೇರೊಂದಿಲ್ಲ.

ಆ ದಿನವೂ ಬಂತು. ಡಾಕ್ಟರ್ ಪೆಟ್ಟಿಗೆ ಮುಚ್ಚುತ್ತಿದ್ದಾಗ ಹೋಗಿ, "ಎರಡೇ ನಿಮಿಷ, ಇದನ್ನು ಕೇಳಿ," ಎಂದು ಇಯರ್‌ಫೋನ್ ಕೊಟ್ಟೆ. ಒಂದು ಕಿವಿಗೆ ಸಿಕ್ಕಿಸಿಕೊಂಡು ಇನ್ನೊಂದು ಕೈಯಲ್ಲಿ ಕಾಗದ ಜೋಡಿಸುತ್ತಾ ಕೇಳತೊಡಗಿದರು. ಅರ್ಧಕ್ಕೆ ಕೈ ನಿಂತಿತು. ಮುಗಿದ ಮೇಲೆ, "ಮತ್ತೊಮ್ಮೆ ಹಾಕು," ಎಂದರು. ಎರಡನೆಯ ಸಲ ಎರಡೂ ಕಿವಿಗೆ ಹಾಕಿಕೊಂಡರು.

"ನನಗೆ ಇದನ್ನು ಯಾಕೆ ಯಾರೂ ಹೇಳಲಿಲ್ಲ?" ಎಂದು ಹಿಂದಿಯಲ್ಲಿ ಕೇಳಿದರು.

ಅವರು ಕೇಳಿದ್ದು ನನ್ನನ್ನಲ್ಲ. ಅಲ್ಲಿಂದಲೇ ತಮ್ಮ ಆಫೀಸಿಗೆ ಫೋನು ಮಾಡಿದರು. ಶನಿವಾರ ವ್ಯಾನು ಬೇರೆ ಕಡೆ ಹೋಗುತ್ತದೆ, ಡ್ರೈವರಿಗೆ ಸಂಜೆ ಡ್ಯೂಟಿ ಇಲ್ಲ ಎಂದೆಲ್ಲ ಆ ಕಡೆಯಿಂದ ಕೇಳಿಸಿತು. ಡಾಕ್ಟರ್ ವ್ಯಾನಿನ ಸುತ್ತ ತಿರುಗುತ್ತಾ ಮಾತಾಡಿದರು. ನಾನೂ ಅವರ ಹಿಂದೆಯೇ ಸುತ್ತಿದೆ. ಅಂದು ಏನೂ ತೀರ್ಮಾನವಾಗಲಿಲ್ಲ. ಆರು ದಿನಗಳ ಮೇಲೆ, ನಾನು ಕ್ಯಾಂಟೀನಿನಲ್ಲಿ ವಡಾಪಾವ್ ತಿನ್ನುತ್ತಿದ್ದಾಗ ಡಾಕ್ಟರ ಫೋನು ಬಂತು: "ಬರುವ ಶನಿವಾರ, ಸಂಜೆ ಆರಕ್ಕೆ. ಅವರಿಗೆ ಹೇಳಿಬಿಡು." ನಾನು ಹಾಕಿದ ಕೂಗಿಗೆ ಕ್ಯಾಂಟೀನಿನ ಅರ್ಧ ಜನ ತಿರುಗಿ ನೋಡಿದರು.

ರೊಟ್ಟಿ ಬಡಿದ ಅಕ್ಕನಿಗೆ ಫೋನು ಮಾಡಿ ಹೇಳಿದೆ. ಮುಂದಿನದ್ದನ್ನೆಲ್ಲ ಅವಳೇ ನೋಡಿಕೊಂಡಳು. ಹದಿನೈದು ಸೆಕೆಂಡಿನ ಒಂದು ವಾಯ್ಸ್ ಮೆಸೇಜು ಮಾಡಿ ಇಡೀ ಸಾಲಿಗೆ ಕಳಿಸಿದಳು: "ಶನಿವಾರ ಸಂಜಿಗಿ ಸೂಜಿ ಅದ. ಐತವಾರ ಕೂಸಿನ ಮಡ್ಲಾಗ ಹಾಕ್ಕೊಂಡು ಕುಂದರ್ರಿ. ಬರ್ಲಿಲ್ಲಂದ್ರ ನಾ ಮನಿಗಿ ಬರ್ತೀನಿ." ನನ್ನ ಹಳದಿ ಪೋಸ್ಟರಿಗೆ ಎರಡು ದಿನ ಹಿಡಿದಿತ್ತು.

ಆ ಶನಿವಾರ ವ್ಯಾನು ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಯಿತು. ನಾನು ಗೇಟಿನ ಹತ್ತಿರ ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ತಿರುಗುತ್ತಿದ್ದೆ. ಕೆಲಸ ಬಿಟ್ಟ ಹೆಂಗಸರು ಕೈಕಾಲು ತೊಳೆದು, ಆದರೂ ಮೊಣಕೈಯಲ್ಲಿ ಸಿಮೆಂಟು ಉಳಿಸಿಕೊಂಡು, ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಒಬ್ಬಳಲ್ಲ, ಇಬ್ಬರಲ್ಲ. ಸಾಲು ನೀರಿನ ಟಾಕಿ ದಾಟಿ ತಿರುವಿನವರೆಗೆ ಹೋಯಿತು. ವ್ಯಾನಿನ ದೀಪ ಕಂಡದ್ದೇ ಎಲ್ಲರೂ ಒಟ್ಟಿಗೆ ಗದ್ದಲವೆಬ್ಬಿಸಿದರು. ಮೊದಲ ಮಗು ಅತ್ತ ಕೂಡಲೇ ಉಳಿದವೂ ರಾಗ ತೆಗೆದವು. ಬಾಲವಾಡಿಯ ಆಂಟಿ ಒಂದು ಕಡೆ, ನಾನೊಂದು ಕಡೆ ಕಾರ್ಡು ತುಂಬಿಸುತ್ತಾ ಬೆವರಿ ನೀರಾದೆವು. ಆ ಮೂಲೆ ಮನೆಯ ಮುದುಕನೂ ಬಂದು ಸಾಲಿನಲ್ಲಿ ನಿಂತಿದ್ದ. ಸರದಿ ಬಂದಾಗ ಅಂಗೈ ಚಾಚಿದ. ಡಾಕ್ಟರ್ ಏನೂ ಕೇಳದೆ ಅವನ ತೋಳಿಗೆ ಪಟ್ಟಿ ಸುತ್ತಿ ಬೀಪಿ ನೋಡಿ, ಉಪ್ಪು ಕಡಿಮೆ ತಿನ್ನಲು ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವನು ಸಮಾಧಾನದಿಂದಲೇ ಹೋದ.

ಮುಂದಿನ ವಾರ ತರಗತಿಯಲ್ಲಿ ನನ್ನ ಸರದಿ. ಬೇರೆಯವರ ಸ್ಲೈಡುಗಳು ಜಗಜಗಿಸುತ್ತಿದ್ದವು. ನನ್ನ ಹತ್ತಿರ ನಾಲ್ಕು ಫೋಟೋ, ಒಂದು ಚಿತ್ರ, ಮತ್ತು ಆ ಎರಡೂವರೆ ನಿಮಿಷ. ಹಿಂದಿ ಸೇರಿಸುವ ಮೊದಲಿನ ಮೂಲ ದನಿಯನ್ನೇ ಕೇಳಿಸಿದೆ. ಒಬ್ಬರಿಗೂ ಕನ್ನಡ ಬಾರದು. ಆದರೂ ಎಲ್ಲರೂ ಮುಂದಕ್ಕೆ ಬಾಗಿ ಕೇಳಿದರು. ಅಕ್ಕ ಸೊಸೆಯನ್ನು ಗದರಿದ ಕಡೆಗೆ ಎಲ್ಲರೂ ಗೊಳ್ಳೆಂದು ನಕ್ಕರು. ಆಮೇಲೆ ನಾನು ಅರ್ಥ ಹೇಳಿದೆ. ಚಪ್ಪಾಳೆ ಬಿತ್ತು. ನಾನು ನೆಲದ ಮೇಲಿರಲಿಲ್ಲ.

ಮ್ಯಾಮ್ ನನ್ನ ಚಿತ್ರವನ್ನು ನೋಡುತ್ತಿದ್ದರು. ಅದರಲ್ಲಿ ಒಂದು ಕಡೆ ಡಾಕ್ಟರ್, ಇನ್ನೊಂದು ಕಡೆ ತಾಯಂದಿರು, ನಡುವೆ ದೊಡ್ಡ ವೃತ್ತದಲ್ಲಿ 'ನಾನು' ಎಂದಿತ್ತು. "ನಿಜವಾಗಿಯೂ ನೀನು ನಡುವೆ ಇದ್ದೆಯಾ? ಇಷ್ಟು ದೊಡ್ಡದಾಗಿ?" ಎಂದು ಕೇಳಿದರು. ತರಗತಿ ಮತ್ತೆ ನಕ್ಕಿತು. ನಾನು ಬೋರ್ಡಿನ ಮೇಲೆ ಚಿತ್ರವನ್ನು ಬೇರೆ ಬರೆದೆ. ನನ್ನನ್ನು ನಡುವೆ ಬರೆದು ಒರೆಸಿದೆ, ಮೂಲೆಯಲ್ಲಿ ಬರೆದು ಒರೆಸಿದೆ. ಕೊನೆಗೆ ತಾಯಂದಿರಿಂದ ಡಾಕ್ಟರ ಕಡೆಗೆ ಹೋಗುವ ಬಾಣದ ಪಕ್ಕದಲ್ಲಿ ಸಣ್ಣದಾಗಿ ಬರೆದೆ.

"ಇನ್ನೊಂದು ಪ್ರಶ್ನೆ," ಎಂದರು ಮ್ಯಾಮ್. "ತನ್ನ ದನಿಯನ್ನು ಇಲ್ಲಿ ನಲವತ್ತು ಜನ ಕೇಳುತ್ತಾರೆ ಅಂತ ಆ ಹೆಂಗಸಿಗೆ ಗೊತ್ತಾ?"

ಗೊತ್ತಿರಲಿಲ್ಲ. ಡಾಕ್ಟರಿಗೆ ಕೇಳಿಸುತ್ತೇನೆ ಎಂದಷ್ಟೇ ನಾನು ಹೇಳಿದ್ದೆ. ಹಾಗೆಂದು ಒಪ್ಪಿಕೊಂಡೆ. "ಹೋಗಿ ಕೇಳಿಕೊಂಡು ಬಾ. ಅವಳು ಬೇಡ ಅಂದರೆ ಅಳಿಸಿಬಿಡು. ನಿನ್ನ ಮಾರ್ಕು ಆಮೇಲೆ," ಎಂದರು. ಆ ದಿನ ಕಲಿತಷ್ಟು ನಾನು ಇಡೀ ವರ್ಷದಲ್ಲಿ ಕಲಿತಿರಲಿಲ್ಲ.

ಭಾನುವಾರ ಅಳುಕುತ್ತಲೇ ಹೋದೆ. ಅಕ್ಕ ಬಟ್ಟೆ ಹಿಂಡುತ್ತಿದ್ದಳು. ತಪ್ಪಾಯಿತು ಎಂದು ಎಲ್ಲ ಹೇಳಿದೆ. ಅವಳು ಹಿಂಡುವುದನ್ನು ನಿಲ್ಲಿಸಿ ಕೇಳಿದಳು:

"ಎಷ್ಟ ಮಂದಿ ಕೇಳಿದ್ರು?"

"ನಲವತ್ತು."

"ಎಲ್ಲಿ?"

"ಬಾಂದ್ರಾದಲ್ಲಿ, ನಮ್ಮ ಕಾಲೇಜಿನಲ್ಲಿ."

"ಬಾಂದ್ರಾದಾಗ! ಸಿನಿಮಾ ಮಂದಿ ಇರ್ತಾರಲ್ಲ, ಆ ಬಾಂದ್ರಾದಾಗ?" ಅವಳ ಕಣ್ಣು ದೊಡ್ಡದಾಯಿತು. "ನಕ್ರಾ?"

"ಒಂದು ಕಡೆ ನಕ್ಕರು. ಸೊಸೆಗೆ ಸುಮ್ಕಿರು ಅಂದಿರಲ್ಲ, ಅಲ್ಲಿ."

"ಭಾಷಿ ತಿಳಿಲಾರ್ದ ಹ್ಯಾಂಗ ನಕ್ರು?"

"ಅವರ ಮನೆಗಳಲ್ಲೂ ಅತ್ತೆಯರು ಇದ್ದಾರಲ್ಲ," ಎಂದೆ. ಅವಳು ಹಿಂಡುತ್ತಿದ್ದ ಸೀರೆಯನ್ನು ಬಕೆಟ್ಟಿಗೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿದ್ದ ಸೊಸೆಯನ್ನು ಕರೆದು ಅವಳಿಗೂ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಗಂಭೀರವಾದಳು.

"ಕೇಳ್ಸು, ಯಾರಿಗ ಬೇಕಾದ್ರೂ ಕೇಳ್ಸು. ಆದ್ರ ಇನ್ನೊಮ್ಮಿ ಮೊದ್ಲ ನನಗ ಹೇಳ್ಬೇಕು. ಮತ್ತ ಆ ಹಳೇದು ಬ್ಯಾಡ. ಅವತ್ತು ನನಗ ನೆಗಡಿ ಆಗಿತ್ತು, ದನಿ ಛಲೋ ಬಂದಿಲ್ಲ. ತಗೀ ಮೊಬೈಲು."

ಒದ್ದೆ ಕೈಯನ್ನು ಒರೆಸಿಕೊಂಡು ಅವಳು ಕೂತಳು. ಈ ಸಲ ವಿನಂತಿ ಗಿನಂತಿ ಏನೂ ಇಲ್ಲದೆ ಶುರುಮಾಡಿದಳು. ಶನಿವಾರ ವ್ಯಾನು ಬಂದ ಸಂಗತಿಯನ್ನೂ ಸೇರಿಸಿ ಆರು ನಿಮಿಷ ಮಾತಾಡಿದಳು. ನಾನು ನಿಲ್ಲಿಸಲಿಲ್ಲ.

ಮ್ಯಾಮ್ ನನಗೆ ಕೊಟ್ಟದ್ದು ಸಾಧಾರಣ ಮಾರ್ಕು. ಬರೆದ ವರದಿ ತೆಳುವಾಗಿದೆ, ಉತ್ಸಾಹ ಜಾಸ್ತಿ, ಟಿಪ್ಪಣಿ ಕಮ್ಮಿ ಎಂದು ಕೆಂಪು ಇಂಕಿನಲ್ಲಿತ್ತು. ಅದು ನಿಜವೇ. ಆದರೆ ಮೂರನೆಯ ವರ್ಷಕ್ಕೆ ಜಾಹೀರಾತು ತೆಗೆದುಕೊಳ್ಳಬೇಕೆಂದಿದ್ದವಳು ಅದನ್ನು ಬಿಟ್ಟು ಪತ್ರಿಕೋದ್ಯಮಕ್ಕೆ ಹೋದೆ. ಈಗ ಒಂದು ಸಣ್ಣ ಸಂಸ್ಥೆಯಲ್ಲಿ, ಊರೂರಿಂದ ಬಂದು ಇಲ್ಲಿ ದುಡಿಯುವವರ ಮಾತುಗಳನ್ನು ರೆಕಾರ್ಡ್ ಮಾಡುವ ಕೆಲಸದಲ್ಲಿದ್ದೇನೆ. ಯಾರು ಕೇಳಬೇಕೋ ಅವರಿಗೆ ಕೇಳಿಸುತ್ತೇವೆ. ಕೆಲವರು ಕೇಳುತ್ತಾರೆ, ಹಲವರು ಫೋನು ಎತ್ತುವುದಿಲ್ಲ.

ಪವಾಯಿಯ ಟವರುಗಳ ಕೆಲಸ ಮುಗಿದು ತಗಡಿನ ಸಾಲು ಎದ್ದುಹೋಯಿತು. ಅಕ್ಕನ ಮನೆಯವರು ಠಾಣೆಯ ಕಡೆ ಹೊಸ ಸೈಟಿಗೆ ಹೋದರು. ಆಗಾಗ ಅವಳ ವಾಯ್ಸ್ ಮೆಸೇಜು ಬರುತ್ತದೆ. ಮೊನ್ನೆ ಬಾಂದ್ರಾ ಸ್ಟೇಶನ್ನಿನಲ್ಲಿ ಸ್ಲೋ ಲೋಕಲ್ಲಿಗೆ ಕಾಯುತ್ತಿದ್ದಾಗ ಒಂದು ಬಂತು. ಸೊಸೆಗೆ ಎರಡನೆಯ ಮಗುವಾಗಿದೆಯಂತೆ. ಹೊಸ ಸೈಟಿಗೆ ವ್ಯಾನು ಮಂಗಳವಾರ ಬರುತ್ತದಂತೆ.

"ಇಲ್ಲೂ ಅದ ಹಣೇಬಾರ ತಂಗಿ," ಎನ್ನುತ್ತಿತ್ತು ದನಿ. "ಆದ್ರ ಈ ಸಲ ನಿನಗ ಕಾಯ್ಲಿಲ್ಲ ನಾ. ಸೀದಾ ಡಾಕ್ಟರ್ ಮುಂದ ಹೋಗಿ ನಿಂತೆ. ಹಿಂದ್ಯಾಗ ಹೇಳ್ದೆ. ತಪ್ಪ ತಪ್ಪ ಹೇಳಿರ್ಬೇಕು, ಅಂವ ಒಂದೆರಡ ಸಲ 'ಕ್ಯಾ? ಕ್ಯಾ?' ಅಂದ. ನಾನೂ ಬಿಡ್ಲಿಲ್ಲ, ಮತ್ತ ಮತ್ತ ಹೇಳ್ದೆ. ವಿಚಾರ ಮಾಡ್ತೀನಿ ಅಂದಾನ. ನೋಡೂಣು."

ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಕೊನೆಯ ಮಾತು ಸರಿಯಾಗಿ ಕೇಳಿಸದೆ ಮತ್ತೊಮ್ಮೆ ಹಾಕಿದೆ. ಆಮೇಲೆ ಸುಮ್ಮನೆ ಖುಷಿಗೆಂದು ಇನ್ನೊಮ್ಮೆ. ಅಷ್ಟರಲ್ಲಿ ನಾನು ಕಾಯುತ್ತಿದ್ದ ಬೋರಿವಲಿ ಸ್ಲೋ ಬಂದು ನಿಂತು, ಹೊರಟೂ ಹೋಗಿತ್ತು.